ಡಿಸ್ಕೋ ಎಲಿಸಿಯಂ 15ಕ್ಕೆ ಬರ್ತೈತೆ: ದಾವಣಗೆರೆ, ದುರ್ಗದ ಕಡೆ ಯಾರ್ಯಾರು ಕಾಯ್ತಿದ್ದೀರಿ? (ಕೊಲೆಗಾರ ಯಾರು ಅಂತ ಇಲ್ಲಿ ಹೇಳಬ್ಯಾಡ್ರಿ)

ಮಿರ್ಚಿಮಂಡಕ್ಕಿ | ಅಕ್ಟೋಬರ್ 6, 2019

ಹಬ್ಬದ ಸಾಮಾನಿಗೆ ಮಂಡಿಪೇಟೆಗೆ ಹೋಗಿ ಬಾ ಅಂತ ಅವ್ವ ಮೂರು ಸಲ ಕೂಗಾಯ್ತು, ನಾನಿನ್ನೂ ಟ್ರೇಲರ್ ನೋಡ್ಕಂಡು ಕೂತಿದೀನಿ. ಇನ್ನು ಒಂಬತ್ತೇ ದಿನ. ಹೆಸರು ಕೇಳಿ ಡ್ಯಾನ್ಸಿನ ಆಟ ಅನ್ಕಂಡ್ರೆ ನಿಮ್ಮ ತಪ್ಪಲ್ಲ. ಮೊದಲು ಇದಕ್ಕೆ ನೋ ಟ್ರೂಸ್ ವಿತ್ ದ ಫ್ಯೂರೀಸ್ ಅಂತ ಹೆಸರಿತ್ತು, ಅದಕ್ಕಿಂತ ಇದು ವಾಸಿ.

ಗೊತ್ತಿಲ್ಲದೋರಿಗೆ ಹೇಳ್ತೀನಿ. ಕಂಪ್ಯೂಟರಿನಲ್ಲಿ ಆಡೋ ಪತ್ತೇದಾರಿ ಕಥೆ. ಒಬ್ಬ ಪೊಲೀಸಪ್ಪ ಕುಡಿದು ಕುಡಿದು ಬೆಳಗ್ಗೆ ಎದ್ದಾಗ ಹೆಸರು, ಊರು, ಕೆಲಸ ಒಂದೂ ನೆನಪಿಲ್ಲ. ಅವನು ಇಳ್ಕಂಡಿರೋ ಲಾಡ್ಜಿನ ಹಿತ್ತಲ ಮರದಲ್ಲಿ ಒಂದು ಹೆಣ ಏಳು ದಿನದಿಂದ ನೇತಾಡ್ತೈತೆ. ಅದನ್ನ ಇಳಿಸಿ ತನಿಖೆ ಮಾಡೋಕೇ ಇವನು ಬಂದಿರೋದು, ಅದೂ ಇವನಿಗೆ ಮರೆತು ಹೋಗೈತೆ! ಜಾಗ ಮಾರ್ಟಿನೇಸ್, ರೆವಶಾಲ್ ಅನ್ನೋ ನಗರದ ಹಾಳು ಸುರಿಯೋ ಬಂದರು ಬಡಾವಣೆ. ಎಲ್ಲ ಕಲ್ಪನೆಯ ಲೋಕ. ಮಾಡಿದೋರು ಎಸ್ಟೋನಿಯಾದವರು, ಝಾ/ಉಮ್ ಅಂತ ತಂಡ. ಇದೇ ಅವರ ಮೊದಲನೇ ಆಟ.

ನನಗೆ ಹುಚ್ಚು ಹಿಡಿಸಿರೋದು ಒಂದೇ ಸಂಗತಿ. ಇದರಲ್ಲಿ 24 ಕೌಶಲ ಅದಾವೆ, ಒಂದೊಂದೂ ತಲೆಯೊಳಗೆ ಕೂತ್ಕಂಡು ಮಾತಾಡ್ತಾವೆ. ತರ್ಕ ಒಂದು ಹೇಳಿದ್ರೆ ಭಯ ಇನ್ನೊಂದು ಹೇಳ್ತೈತೆ, ಚಟ ಮಧ್ಯೆ ಬಾಯಿ ಹಾಕಿ ಮೊದಲು ಒಂದು ಸಿಗರೇಟ್ ಸೇದು ಅಂತೈತೆ. ನಾವು ಮಾತಾಡೋ ಮುಂಚೆ ನಮ್ಮೊಳಗೂ ಹಿಂಗೇ ಪಂಚಾಯ್ತಿ ನಡೆಯಲ್ವಾ?

ಬೇರೆ ಪತ್ತೇದಾರಿ ಆಟಗಳಲ್ಲಿ ಸುಳಿವು ಇರೋ ಜಾಗ ಮಿಣಮಿಣ ಅಂತ ಮಿನುಗ್ತೈತೆ, ಒತ್ತಿದ್ರೆ ಮುಗೀತು. ಅದಕ್ಕೆ ಪತ್ತೇದಾರ ಯಾಕೆ, ನಮ್ಮ ಓಣಿ ಬೆಕ್ಕಾದ್ರೂ ಸಾಕು.

ಹದಡಿರೋಡ್ | ಅಕ್ಟೋಬರ್ 6

ಅಣ್ಣಾ, ಗುಂಡು ಹಾರಿಸೋದು ಐತಾ?

ಮಿರ್ಚಿಮಂಡಕ್ಕಿ | ಅಕ್ಟೋಬರ್ 6

ಗುಂಡು ಹೊಡೆಯೋದು ಐತೆ, ಹಾರಿಸೋದು ಕಮ್ಮಿ. ಫೈಟ್ ಅಂತ ಬೇರೆ ವ್ಯವಸ್ಥೆನೇ ಇಲ್ಲ ಕಣಲೆ. ಹೊಡೆದಾಟ ಬಂದ್ರೂ ಮಾತಿನ ಪಟ್ಟಿಯಲ್ಲೇ ದಾಳ ಉರುಳಿಸಬೇಕು. ಇವನ ಪಿಸ್ತೂಲೂ ಕಳೆದು ಹೋಗೈತೆ, ಬ್ಯಾಡ್ಜೂ ಕಳೆದು ಹೋಗೈತೆ.

ಹದಡಿರೋಡ್ | ಅಕ್ಟೋಬರ್ 6

ಅಂದ್ರೆ ದುಡ್ಡು ಕೊಟ್ಟು ಓದೋದು. ಪಿಯುಸಿಯಲ್ಲೇ ಓದಲಿಲ್ಲ, ಈಗ ಓದ್ತೀನಾ? ಹತ್ತು ಲಕ್ಷ ಪದ ಅಂತೆ. ನಮ್ಮ ಹೈಸ್ಕೂಲಿನ ಲೈಬ್ರರಿಯಲ್ಲೂ ಅಷ್ಟಿರಲಿಲ್ಲ ಅನ್ಸುತ್ತೆ.

ಕೋಟೆಹುಡುಗ | ಅಕ್ಟೋಬರ್ 7

ದುರ್ಗದಿಂದ ಹಾಜರ್. ಮಿರ್ಚಿ ಅಣ್ಣಾ, 1999ರ ಪ್ಲೇನ್‌ಸ್ಕೇಪ್ ಟಾರ್ಮೆಂಟ್ ನೆನಪೈತಾ? ಅದರಲ್ಲೂ ನೆನಪು ಕಳ್ಕಂಡೋನು ಹೆಣದ ಕೋಣೆಯಲ್ಲಿ ಏಳ್ತಾನೆ, ಅದೂ ಕತ್ತಿಗಿಂತ ಮಾತೇ ಜಾಸ್ತಿ ಇರೋ ಆಟ. ನಾನು ಅದನ್ನ ಬಸ್‌ಸ್ಟ್ಯಾಂಡ್ ಹತ್ರದ ಸೈಬರ್ ಸೆಂಟರಿನಲ್ಲಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ಆಡ್ತಿದ್ದೆ. ಓದಿ ಮುಗಿಸೋದ್ರೊಳಗೆ ಗಂಟೆ ಮುಗೀತಿತ್ತು. ಅಂಗಡಿಯವನು "ಎಲ್ರೂ ಕಾರ್ ಓಡಿಸ್ತಾರೆ, ನೀನೇನಪ್ಪ ಪರೀಕ್ಷೆಗೆ ಓದ್ತಿಯಾ" ಅಂತಿದ್ದ. ಆ ರುಚಿ ಮತ್ತೆ ಸಿಗಲಿಲ್ಲ. ಇದನ್ನ ಮಾಡಿದೋರು ಅದರಿಂದ ಪ್ರಭಾವ ಆಗೈತೆ ಅಂತ ಅವರೇ ಹೇಳ್ಕಂಡಿದಾರೆ, ಅದಕ್ಕೇ ಆಸೆ. ಆಸೆ ಇಟ್ಕಂಡು ಎಷ್ಟು ಸಲ ಕೈ ಸುಟ್ಕಂಡಿದೀವಿ ಅಂತನೂ ಗೊತ್ತು.

ಲೆಕ್ಕದಮೇಷ್ಟ್ರು | ಅಕ್ಟೋಬರ್ 9

ಹಳೆಯ ಲ್ಯಾಪ್‌ಟಾಪಿನಲ್ಲಿ ಓಡುತ್ತದೆಯೇ? ಯಾರಾದರೂ ನೋಡಿ ಹೇಳಿ. ನನ್ನದರಲ್ಲಿ ಗ್ರಾಫಿಕ್ಸ್ ಕಾರ್ಡ್ ಎಂಬುದಿಲ್ಲ, ಫ್ಯಾನ್ ಸದ್ದು ಮಾತ್ರ ಇದೆ.

ಮಿರ್ಚಿಮಂಡಕ್ಕಿ | ಅಕ್ಟೋಬರ್ 9

ಮೇಷ್ಟ್ರೇ, ಕನಿಷ್ಠ ಬೇಕಾಗಿರೋದು ಬಹಳ ಕಮ್ಮಿ ಐತೆ, ಜಾಗ ಮಾತ್ರ 20 ಜೀಬಿ ಕೇಳ್ತೈತೆ. ನನಗೆ ಅದೇ ಚಿಂತೆ. ಮೊಬೈಲ್ ಡೇಟಾ ದಿನಕ್ಕೆ ಒಂದೂವರೆ ಜೀಬಿ. ಲೆಕ್ಕ ನೀವೇ ಹಾಕ್ರಿ.

ಲೆಕ್ಕದಮೇಷ್ಟ್ರು | ಅಕ್ಟೋಬರ್ 9

ಹದಿನಾಲ್ಕು ದಿನ. ವಾಟ್ಸಾಪ್ ನೋಡದಿದ್ದರೆ.

ಮಿರ್ಚಿಮಂಡಕ್ಕಿ | ಅಕ್ಟೋಬರ್ 16

ಬಂತು! ನನಗಲ್ಲ, ಜಗತ್ತಿಗೆ. ಚಿಕ್ಕಪ್ಪನ ಜೆರಾಕ್ಸ್ ಅಂಗಡಿಯಲ್ಲಿ ಬ್ರಾಡ್‌ಬ್ಯಾಂಡ್ ಐತೆ, ರಾತ್ರಿ ಅಲ್ಲೇ ಮಲಗಿ ಇಳಿಸ್ಕಂತಿದ್ದೆ. ಎರಡು ಗಂಟೆಗೆ ಕರೆಂಟ್ ಹೋಯ್ತು, 61 ಪರ್ಸೆಂಟಿನಲ್ಲಿ ನಿಂತೈತೆ. ಸೊಳ್ಳೆ ಮಾತ್ರ ಪೂರ್ತಿ ನೂರು.

ವಿಮರ್ಶೆ ಓದ್ಕಂಡು ಹೊಟ್ಟೆ ತುಂಬಿಸ್ಕಂತಿದೀನಿ. ಪಿಸಿ ಗೇಮರ್ ಪತ್ರಿಕೆ ನೂರಕ್ಕೆ 92 ಕೊಟ್ಟೈತೆ. ಬರವಣಿಗೆ ಬಗ್ಗೆ ಎಲ್ರೂ ಒಂದೇ ರಾಗ: ಇಷ್ಟು ಚೆನ್ನಾಗಿ ಬರೆದ ಆಟ ಬಂದು ಬಹಳ ಕಾಲ ಆಯ್ತು ಅಂತ.

ಹದಡಿರೋಡ್ | ಅಕ್ಟೋಬರ್ 16

ವಿಮರ್ಶಕರಿಗೆ ಓದೋದೇ ಕಸುಬು, ಅವರಿಗೆ ಇಷ್ಟ ಆಗದೆ ಇರುತ್ತಾ? ಅಡುಗೆ ಭಟ್ಟನ್ನ ಕರೆದು ಊಟ ಹೆಂಗೈತೆ ಅಂತ ಕೇಳಿದಂಗೆ. ಹಸಿದೋನು ಬಂದು ಹೇಳಲಿ, ನಂಬ್ತೀನಿ.

ಕೋಟೆಹುಡುಗ | ಅಕ್ಟೋಬರ್ 17

ಹಸಿದೋನು ಬಂದಿದೀನಿ. ನಾಲ್ಕು ಗಂಟೆ ಆಡಿದೆ.

ಶುರು ಕತ್ತಲೆಯಲ್ಲಿ. ಚಿತ್ರ ಏನೂ ಇಲ್ಲ, ಮೆದುಳಿನ ತಳದಿಂದ ಹಲ್ಲಿ ಮೊಸಳೆ ಕಾಲದ ಒಂದು ದನಿ ಮಾತಾಡ್ತೈತೆ: ಏಳಬ್ಯಾಡ, ಇಲ್ಲೇ ಇರು, ಎದ್ದು ಏನು ಮಾಡ್ತೀಯ ಅಂತ. ಆಮೇಲೆ ಕಣ್ಣು ಬಿಟ್ರೆ ಚಡ್ಡಿಯಲ್ಲಿ ನೆಲದ ಮೇಲೆ ಬಿದ್ದಿದಾನೆ ನಮ್ಮ ಹೀರೋ. ಕಿಟಕಿ ಒಡೆದೈತೆ. ಒಂದೇ ಬೂಟು ಐತೆ, ಹಾವಿನ ಚರ್ಮದ ಹಸಿರು ಬೂಟು. ಮೇಲೆ ಫ್ಯಾನಿಗೆ ಟೈ ಸಿಕ್ಕಾಕ್ಕಂಡು ತಿರುಗ್ತೈತೆ.

ನಾನು ಶರೀರಕ್ಕೆ ಒಂದೇ ಒಂದು ಪಾಯಿಂಟ್ ಇಟ್ಟು ಬುದ್ಧಿಗೆ ಜಾಸ್ತಿ ಹಾಕಿದ್ದೆ, ಜಾಣ ಪೊಲೀಸ್ ಆಗೋಣ ಅಂತ. ಮೊದಲು ಲೈಟ್ ಹಾಕಿದೆ. ಬೆಳಕು ಕಣ್ಣಿಗೆ ಹೊಡೀತು, ಹ್ಯಾಂಗೋವರು, ಎದೆ ಹಿಡ್ಕಂಡ, ಸತ್ತ. ಹೌದ್ರಿ, ಲೈಟ್ ಹಾಕಿದ್ದಕ್ಕೆ ಸತ್ತ. ಮಾರನೇ ದಿನದ ಪೇಪರಿನಲ್ಲಿ ಸುದ್ದಿ ಬಂದಂಗೆ ತೋರಿಸ್ತಾರೆ. ಆಟ ಶುರುವಾಗಿ ಐದು ನಿಮಿಷ ಆಗಿರಲಿಲ್ಲ. ರೂಮಿನಲ್ಲಿ ಒಬ್ನೇ ಬಿದ್ದು ಬಿದ್ದು ನಕ್ಕೆ, ಅಪ್ಪ ಬಾಗಿಲು ತಟ್ಟಿ ಏನಾಯ್ತೋ ಅಂದ್ರು.

ಎರಡನೇ ಸಲ ಶರೀರಕ್ಕೆ ಮೂರು ಹಾಕಿ ಬಂದೆ. ಚಿತ್ರ ನೋಡಿದ್ರೆ ಯಾರೋ ಕ್ಯಾನ್ವಾಸ್ ಮೇಲೆ ಬ್ರಷ್ ಹಿಡಿದು ಬಣ್ಣ ಎಳೆದಂಗೈತೆ. ಮಾತುಕತೆ ಬಲಗಡೆ ಪೇಪರಿನ ಕಾಲಂ ಥರ ಉದ್ದಕ್ಕೆ ಇಳೀತೈತೆ. ಸಂಗೀತ ಬ್ರಿಟಿಷ್ ಸೀ ಪವರ್ ಅನ್ನೋ ಬ್ಯಾಂಡಿನದು. ಬೆಳಗ್ಗೆ ಹೊರಗೆ ಕಾಲಿಟ್ಟಾಗ ಆ ಕಹಳೆ ಕೇಳಿದ್ರೆ ಚಳಿಗಾಲದ ಬೆಳಗ್ಗೆ ಕೋಟೆ ಹತ್ತಿದಾಗ ಆಗೋ ಅನುಭವ.

ಮಿರ್ಚಿ ಅಣ್ಣಾ, ನಿನ್ನ 39 ಪರ್ಸೆಂಟ್ ಬೇಗ ಮುಗಿಸು.

ಹದಡಿರೋಡ್ | ಅಕ್ಟೋಬರ್ 17

ಲೈಟ್ ಹಾಕಿ ಸಾಯೋ ಪೊಲೀಸು. ನಾನಂತೂ ಅಷ್ಟು ದಡ್ಡ ಅಲ್ಲ.

ಲೆಕ್ಕದಮೇಷ್ಟ್ರು | ಅಕ್ಟೋಬರ್ 20

ನಿಧಾನವಾಗಿ ಓಡುತ್ತಿದೆ, ಆದರೆ ಓಡುತ್ತಿದೆ. ದಾಳದ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಇಲ್ಲಿ ಕೆಲವರು ಆಟ ಮೋಸ ಮಾಡುತ್ತದೆ ಎನ್ನುತ್ತಿದ್ದಾರೆ.

ಇಲ್ಲಿ ಆರು ಮುಖದ ಎರಡು ದಾಳ. ಒಟ್ಟು 36 ಬಗೆಯಲ್ಲಿ ಬೀಳಬಹುದು. ಬಿದ್ದ ಮೊತ್ತಕ್ಕೆ ನಿಮ್ಮ ಕೌಶಲದ ಅಂಕ ಸೇರಿಸಿದಾಗ ಅದು ಗುರಿಯನ್ನು ಮುಟ್ಟಬೇಕು. ದಾಳದಿಂದ ಏಳು ಅಥವಾ ಹೆಚ್ಚು ಬೇಕಿದ್ದರೆ 36ರಲ್ಲಿ 21 ಸಲ ಗೆಲುವು, ಅಂದರೆ ಶೇಕಡ 58. ಎಂಟು ಬೇಕಿದ್ದರೆ 15 ಸಲ, ಶೇಕಡ 42. ಒಂದೇ ಒಂದು ಅಂಕಕ್ಕೆ ಹದಿನಾರರ ವ್ಯತ್ಯಾಸ ನೋಡಿ! ಅದೇ ಹನ್ನೆರಡು ಬೇಕಿದ್ದುದು ಹನ್ನೊಂದಾದರೆ ಶೇಕಡ 3 ಇದ್ದದ್ದು 8 ಆಗುತ್ತದೆ, ಅಷ್ಟೆ. ಆದ್ದರಿಂದ ಕೈಗೆಟುಕದ ಕಡೆ ಅಂಕ ಸುರಿಯಬೇಡಿ, ಅರ್ಧ ದಾರಿಯಲ್ಲಿರುವ ಕಡೆ ಹಾಕಿ. ಎರಡೂ ಒಂದು ಬಿದ್ದರೆ ಯಾವ ಶೂರನಾದರೂ ಸೋಲಲೇಬೇಕು, ಎರಡೂ ಆರು ಬಿದ್ದರೆ ಯಾವ ದಡ್ಡನಾದರೂ ಗೆಲ್ಲುತ್ತಾನೆ. ಅದಕ್ಕೇ 97ಕ್ಕಿಂತ ಮೇಲೆ ಎಲ್ಲಿಯೂ ತೋರಿಸುವುದಿಲ್ಲ.

ಬಿಳಿ ಪರೀಕ್ಷೆಯಲ್ಲಿ ಸೋತರೆ ಆ ಕೌಶಲಕ್ಕೆ ಇನ್ನೊಂದು ಅಂಕ ಹಾಕಿ ಮತ್ತೆ ಬರಬಹುದು. ಕೆಂಪಿನದು ಒಂದೇ ಸಲ. ನಾನು ಮೊದಲ ದಿನ ಪ್ರತಿ ಸೋಲಿಗೂ ಹಿಂದಿನ ಸೇವ್‌ಗೆ ಹೋಗುತ್ತಿದ್ದೆ. ಎರಡನೇ ದಿನ ಒಂದು ಸೋಲನ್ನು ಹಾಗೇ ಬಿಟ್ಟೆ. ಲಾಡ್ಜಿನ ಬಿಲ್ ಕೊಡದೆ ಓಡಿಹೋಗಲು ನೋಡಿ, ಎಡವಿ, ಗಾಲಿಕುರ್ಚಿಯ ಹೆಂಗಸಿನ ಮೇಲೆ ಬಿದ್ದೆ. ಗೆದ್ದಿದ್ದರೆ ಆ ದೃಶ್ಯವೇ ಸಿಗುತ್ತಿರಲಿಲ್ಲ. ಆಮೇಲಿಂದ ಸೇವ್ ಕಡೆ ತಿರುಗಿ ನೋಡಿಲ್ಲ.

ಕುಂದವಾಡಕೆರೆ | ಅಕ್ಟೋಬರ್ 24

ನಮಸ್ಕಾರ. ನಾನು ಆಟ ಆಡುವವಳಲ್ಲ, ಕಾದಂಬರಿ ಓದುವವಳು. ತಮ್ಮನ ಲ್ಯಾಪ್‌ಟಾಪಿನಲ್ಲಿ ಇದು ಇತ್ತು, ಅವನು ಡ್ಯೂಟಿಗೆ ಹೋದ ಮೇಲೆ ಕೂರುತ್ತೇನೆ. ಬಲಗೈಯಲ್ಲಿ ಮೌಸ್, ಎಡಗೈಯಲ್ಲಿ ಮೊಬೈಲಿನ ಡಿಕ್ಷನರಿ. ಒಂದು ಸಮಾಧಾನ ಏನೆಂದರೆ ಮಾತು ಮುಂದೆ ಹೋದರೆ ಮಾತ್ರ ಆಟದ ಗಡಿಯಾರ ನಡೆಯುತ್ತದೆ. ಒಲೆ ಮೇಲೆ ಹಾಲಿಟ್ಟು ಬಂದರೂ ಮಾರ್ಟಿನೇಸ್‌ನಲ್ಲಿ ಅದೇ ಗಂಟೆ. ಅದೇ ದಿನ ಮೂರು ಸಲ ಹಾಲು ಉಕ್ಕಿತು, ಅದು ಬೇರೆ ಮಾತು.

ಲಾಡ್ಜಿನ ಮ್ಯಾನೇಜರ್ ಮುರಿದ ಸಾಮಾನಿಗೂ ಬಾಡಿಗೆಗೂ ಸೇರಿಸಿ 130 ರಿಯಾಲ್ ಕೇಳುತ್ತಾನೆ. ಜೇಬಿನಲ್ಲಿ ಬಿಡಿಗಾಸಿಲ್ಲ. ಏನು ಮಾಡಿದೆ ಗೊತ್ತೇ? ಪ್ಲಾಸ್ಟಿಕ್ ಚೀಲ ಹಿಡಿದು ಊರೆಲ್ಲ ಖಾಲಿ ಬಾಟಲಿ ಆಯ್ದೆ, ಅಂಗಡಿಗೆ ಹಾಕಿ ಚಿಲ್ಲರೆ ಮಾಡಿಕೊಂಡೆ. ಕೊಲೆ ತನಿಖೆಗೆ ಬಂದ ಅಧಿಕಾರಿ, ಒಂದು ಕಾಲಿಗೆ ಬೂಟು, ಕೈಯಲ್ಲಿ ಗುಜರಿ ಚೀಲ. ನಮ್ಮ ಬೀದಿಗೆ ಬೆಳಗ್ಗೆ ಆರಕ್ಕೆ ಚೀಲ ಹಿಡಿದು ಬರುವ ಅಜ್ಜಿಗೆ ಇಷ್ಟು ವರ್ಷ ಬಾಟಲಿ ಕೊಟ್ಟಿದ್ದೇನೆ, ಒಂದಕ್ಕೆ ಎಷ್ಟು ಸಿಗುತ್ತದೆ ಎಂದು ಕೇಳಿದ್ದು ಮೊನ್ನೆಯೇ.

ಕಿಮ್ ಕಿತ್ಸುರಾಗಿ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲ, ಆಶ್ಚರ್ಯ. ಬೇರೆ ಠಾಣೆಯಿಂದ ಜೊತೆಗೆ ಬಂದವನು. ಕಿತ್ತಳೆ ಜಾಕೆಟ್, ಕನ್ನಡಕ, ಕೈಯಲ್ಲೊಂದು ನೋಟ್‌ಬುಕ್. ದಿನಕ್ಕೆ ಒಂದೇ ಸಿಗರೇಟು, ಸಂಜೆ. ನಾನು ಬಾಟಲಿ ಆಯುವಾಗ ಅವನು ಏನೂ ಅನ್ನುವುದಿಲ್ಲ, ಪಕ್ಕದಲ್ಲಿ ನಿಂತಿರುತ್ತಾನೆ. ಆ ನಿಲ್ಲುವುದಕ್ಕೇ ನನಗೆ ನಾಚಿಕೆ ಆಯಿತು. ಆಮೇಲೆ ಅವನಿಗೆ ಬೇಜಾರಾಗದ ಹಾಗೆ ಮಾತಾಡಲು ಶುರುಮಾಡಿದೆ. ಕೊಲೆಗಾರನನ್ನು ಹಿಡಿಯುವುದಕ್ಕಿಂತ ಕಿಮ್ ಒಮ್ಮೆ ನಗಲಿ ಎಂಬುದೇ ಈಗ ನನ್ನ ಗುರಿ.

ಮಿರ್ಚಿಮಂಡಕ್ಕಿ | ಅಕ್ಟೋಬರ್ 24

ಅಕ್ಕಾ, ಬರೀತಾ ಇರ್ರಿ. ನಮ್ಮಂಥೋರು ಹತ್ತು ಜನ ಬರೆಯೋದು ಒಂದೇ, ನಿಮ್ಮ ಹಾಲು ಉಕ್ಕೋದು ಒಂದೇ.

ಹದಡಿರೋಡ್ | ಅಕ್ಟೋಬರ್ 29

ದೀಪಾವಳಿಗೆ ಭಾವ ಬಂದಿದ್ರು, ಅವರ ಲ್ಯಾಪ್‌ಟಾಪಿನಲ್ಲಿ ಎರಡು ಗಂಟೆ ನೋಡಿದೆ. ಅವರು ಆಡಿದ್ರು, ನಾನು ಪಕ್ಕ ಕೂತಿದ್ದೆ. ಹೊಗಳಿಕೆ ಸಾಕು, ನಾನು ಬೈತೀನಿ.

ಒಂದು, ನಡೆದಾಟವೋ ನಡೆದಾಟ. ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ, ದುರ್ಗಮ್ಮನ ಜಾತ್ರೆಯಲ್ಲಿ ಚಪ್ಪಲಿ ಕಳ್ಕಂಡೋನಂಗೆ. ಎರಡು, ದನಿ ಮೊದಲ ಒಂದೆರಡು ಸಾಲಿಗೆ ಮಾತ್ರ ಬರ್ತಿತ್ತು, ಆಮೇಲೆ ಗಪ್‌ಚುಪ್. ಪೂರ್ತಿ ಓದಿಸಬಾರದಿತ್ತಾ? ಮೂರು, ಎಣ್ಣೆ ಕುಡಿದ್ರೆ ಶಕ್ತಿ ಒಂದು ಜಾಸ್ತಿ, ಸಿಗರೇಟ್ ಸೇದಿದ್ರೆ ಬುದ್ಧಿ ಒಂದು ಜಾಸ್ತಿ! ಇದನ್ನ ನಮ್ಮ ಮಾವನಿಗೆ ತೋರಿಸಿದ್ರೆ ಸಾಕ್ಷಿ ಸಿಕ್ತು ಅಂತ ಕುಣೀತಾನೆ.

ಆ ಹುಡುಗ ಕೂನೋ ಮಾತ್ರ ಸೂಪರ್. ಹೆಣಕ್ಕೆ ಕಲ್ಲು ಹೊಡ್ಕಂಡು, ತನ್ನ ಹೆಸರನ್ನ ತಾನೇ ಹೇಳ್ಕಂಡು, "ಕೂನೋಗೆ ಯಾವನೂ ಲೆಕ್ಕಕ್ಕಿಲ್ಲ" ಅನ್ನೋ ಥರ ಮಾತಾಡ್ತಾನೆ. ನಮ್ಮ ಓಣಿಯಲ್ಲಿ ಅಂಥೋರು ನಾಲ್ಕು ಜನ ಅದಾರೆ.

ಕೋಟೆಹುಡುಗ | ಅಕ್ಟೋಬರ್ 29

ದನಿ ವಿಷಯ ಒಪ್ಕಂತೀನಿ. ಎಣ್ಣೆ ವಿಷಯಕ್ಕೆ ಬಂದ್ರೆ, ಕುಡಿದಾಗ ಶಕ್ತಿ ಬರ್ತೈತೆ, ಜೊತೆಗೆ ಬೇರೆ ಕಡೆ ಕಡಿತನೂ ಆಗ್ತೈತೆ. ಭಾವ ಅದನ್ನ ತೋರಿಸಲಿಲ್ಲ ಅನ್ಸುತ್ತೆ.

ಮಿರ್ಚಿಮಂಡಕ್ಕಿ | ನವೆಂಬರ್ 3

ಮುಗಿಸಿದೆ. ಕೊನೆ ಹೇಳಲ್ಲ. ಬೇರೆ ಒಂದು ಸಂಗತಿ ಹೇಳ್ಬೇಕು, ಸ್ವಲ್ಪ ಉದ್ದ ಆಗ್ತೈತೆ, ಸಹಿಸ್ಕಳ್ರಿ.

ವಿಮರ್ಶೆಗಳಲ್ಲಿ ದಾಳ, ದನಿ, ಹಾಸ್ಯ ಎಲ್ಲ ಬರೆದಿದಾರೆ. ನನ್ನನ್ನ ಹಿಡಿದು ಕೂರಿಸಿದ್ದು ಬಂದರಿನ ಗೇಟು. ಹಮಾಲರ ಯೂನಿಯನ್ ಸ್ಟ್ರೈಕ್ ಮಾಡೈತೆ, ಗೇಟ್ ಬಂದ್, ಲಾರಿಗಳು ಸಾಲುಗಟ್ಟಿ ನಿಂತಾವೆ. ಕಂಪನಿ ಕಡೆಯಿಂದ ಮಾತುಕತೆಗೆ ಒಬ್ಬಾಕೆ ಹಡಗಿನಲ್ಲಿ ಬಂದು ಕಾಯ್ತಾಳೆ. ಗೋಡೆ ಮೇಲೆ ಐವತ್ತು ವರ್ಷದ ಹಿಂದಿನ ಗುಂಡಿನ ತೂತು ಹಂಗೇ ಅದಾವೆ, ಯಾವಾಗ್ಲೋ ಒಂದು ಕ್ರಾಂತಿ ಆಗಿ, ಸೋತು, ಊರು ಅಲ್ಲೇ ನಿಂತು ಬಿಟ್ಟೈತೆ.

ನಮ್ಮಜ್ಜ ಇಲ್ಲಿ ಬಟ್ಟೆ ಮಿಲ್ಲಿನಲ್ಲಿದ್ರು, ನೂಲಿನ ಖಾತೆ. ದಾವಣಗೇರಿನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ. ಮಿಲ್ಲಿನ ಕೂಗಿಗೆ ಊರು ಏಳೋದು, ಮಿಲ್ಲಿನ ಕೂಗಿಗೆ ಊರು ಉಣ್ಣೋದು. ಕಮ್ಯುನಿಸ್ಟ್ ಪಕ್ಷದಿಂದ ಪಂಪಾಪತಿಯವರನ್ನ ವಿಧಾನಸಭೆಗೆ ಕಳಿಸಿದ ಊರು ಇದು ಅಂದ್ರೆ ಈಗಿನ ಹುಡುಗರು ನಂಬಲ್ಲ. ಅಜ್ಜನ ಮಿಲ್ ಮುಚ್ಚಿದ ಮೇಲೂ ಬಾಕಿ ದುಡ್ಡಿಗೆ ಗೇಟಿನ ಮುಂದೆ ಕೂತ್ರು, ಚಾಪೆ ಹಾಸ್ಕಂಡು, ತಿಂಗಳುಗಟ್ಟಲೆ. ಅಜ್ಜಿ ಬುತ್ತಿ ಕಟ್ಟೋಳು. ರೊಟ್ಟಿ ಮೇಲೆ ಖಾರದ ಪುಡಿ ಅಂಟಿ ಕೆಂಪಗಾಗಿರ್ತಿತ್ತು. ನಾನು ಐದು ವರ್ಷದವನು, ಬುತ್ತಿ ತಗಂಡು ಅಪ್ಪನ ಸೈಕಲ್ಲಿನ ಮುಂದೆ ಕೂತು ಹೋಗ್ತಿದ್ದೆ. ಅಜ್ಜನ ಬೆರಳಿನ ಉಗುರಿನ ಸಂದಿಯಲ್ಲಿ ಅರಳೆ ಇರ್ತಿತ್ತು ಅಂತ ಅಪ್ಪ ಹೇಳ್ತಾರೆ, ನಾನು ನೋಡೋ ಹೊತ್ತಿಗೆ ಇರಲಿಲ್ಲ.

ಆಟದಲ್ಲಿ ಯೂನಿಯನ್ ಲೀಡರ್ ಎವ್ರಾರ್ಟ್ ಕ್ಲೇರ್ ಅಂತ. ಕಂಟೇನರಿನೊಳಗೆ ಆಫೀಸು. ಬಂದೋರನ್ನ ನಗ್ತಾ ನಗ್ತಾ ಒಂದು ಕುರ್ಚಿಯಲ್ಲಿ ಕೂರಿಸ್ತಾನೆ. ಆ ಕುರ್ಚಿ ಹೆಂಗೈತೆ ಅಂದ್ರೆ ಕೂತಿದ್ದಕ್ಕೇ ಮೈ ಮನಸ್ಸು ಎರಡಕ್ಕೂ ಪೆಟ್ಟು. ನಿನಗೇನು ಬೇಕು ಹೇಳಪ್ಪ, ಪಿಸ್ತೂಲ್ ಹುಡುಕಿಸ್ಲಾ, ದುಡ್ಡು ಬೇಕಾ ಅಂತಾನೆ. ತಗಂಡ್ರೆ ಅವನ ಜೇಬಿಗೆ ಬಿದ್ದಂಗೆ. ಇವನನ್ನ ದೇವರು ಮಾಡಿಲ್ಲ, ಕಂಪನಿಯಾಕೆಯನ್ನ ರಾಕ್ಷಸಿ ಮಾಡಿಲ್ಲ. ಆಕೆ ಮಾತು ಕೇಳಿದ್ರೆ ನನಗೆ ಆಕೆನೇ ಸರಿ ಅನ್ನಿಸ್ತು, ಅದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಅಜ್ಜ ಅವರ ಲೀಡರುಗಳ ಬಗ್ಗೆ ಹಿಂಗೇ ಮಾತಾಡೋರು. ಬೈತಿದ್ರು, ಬೈದು ಮುಗಿಸಿ ಆದ್ರೂ ನಮ್ಮೋನು ಅನ್ನೋರು.

ಆಮೇಲೆ ಬಾಂಬ್ ಬಿದ್ದ ಗುಂಡಿ ಹತ್ರ ಇಬ್ಬರು ಮುದುಕರು ಕಬ್ಬಿಣದ ಗುಂಡು ಎಸೆಯೋ ಆಟ ಆಡ್ತಿರ್ತಾರೆ. ಒಬ್ಬ ಹಳೇ ರಾಜನ ಕಡೆ ಸಿಪಾಯಿ. ಅವನ ಪಾಲಿಗೆ ಯುದ್ಧ ಇನ್ನೂ ಮುಗಿದಿಲ್ಲ. ಗಡಿಯಾರ ಕಂಬದ ಹತ್ರ ಸಂಜೆ ಕೂರೋ ಮಿಲ್ಲಿನ ಮುದುಕರ ಪಕ್ಕ ಇವರನ್ನ ಕೂರಿಸಿದ್ರೆ ವ್ಯತ್ಯಾಸ ಗೊತ್ತಾಗಲ್ಲ. ನಾನು ಅವರ ಹತ್ರ ಅರ್ಧ ಗಂಟೆ ನಿಂತಿದ್ದೆ, ತನಿಖೆಗೆ ಬೇಕಾದ್ದು ಎರಡೇ ಮಾತು.

ಲೆಕ್ಕದಮೇಷ್ಟ್ರು | ನವೆಂಬರ್ 3

ನಮ್ಮ ತಂದೆ ಪಾಳಿ ಮುಗಿಸಿ ಬಂದರೆ ತಲೆಗೂದಲೆಲ್ಲ ಬೆಳ್ಳಗಿರುತ್ತಿತ್ತು. ಚಿಕ್ಕವನಾಗಿದ್ದಾಗ ದಿನಾ ರಾತ್ರಿ ಮುದುಕನಾಗಿ ಬೆಳಗ್ಗೆ ಮತ್ತೆ ಅಪ್ಪ ಆಗುತ್ತಾರೆ ಅಂದುಕೊಂಡಿದ್ದೆ.

ಕುಂದವಾಡಕೆರೆ | ನವೆಂಬರ್ 10

ಇದನ್ನು ಬರೆಯುವುದಕ್ಕೇ ಬಂದೆ. ಇದರ ಮುಖ್ಯ ಬರಹಗಾರ ರಾಬರ್ಟ್ ಕುರ್ವಿಟ್ಜ್ 2013ರಲ್ಲಿ ಇದೇ ಲೋಕದ ಮೇಲೆ ಎಸ್ಟೋನಿಯನ್ ಭಾಷೆಯಲ್ಲಿ ಕಾದಂಬರಿ ಬರೆದಿದ್ದನಂತೆ, ಅಷ್ಟಾಗಿ ಮಾರಾಟವಾಗಲಿಲ್ಲ. ಆ ಭಾಷೆ ಆಡುವವರು ಸುಮಾರು ಹನ್ನೊಂದು ಲಕ್ಷ ಜನ. ಆಮೇಲೆ ಇಂಗ್ಲಿಷಿನಲ್ಲಿ ಆಟ ಮಾಡಿದರು. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದವರು 4 ಕೋಟಿ 37 ಲಕ್ಷ. ನಾವು ಒಂದನ್ನಾದರೂ ಮಾಡಬೇಡವೇ? ಮಾಡುವುದಿರಲಿ, ಆ 24 ದನಿಗಳಿಗೆ ಕನ್ನಡದಲ್ಲಿ ಹೆಸರಿಡೋಣ ಬನ್ನಿ. ಎಂಪಥಿಗೆ ನಾನು ಕರುಳು ಎಂದಿಟ್ಟೆ.

ಕೋಟೆಹುಡುಗ | ನವೆಂಬರ್ 10

ಅಥಾರಿಟಿಗೆ ದರ್ಪ. ರೆಟರಿಕ್‌ಗೆ ಮಾತಿನಮಲ್ಲ. ಎನ್‌ಸೈಕ್ಲೋಪೀಡಿಯಾ ಬೇಡದ ಹೊತ್ತಿನಲ್ಲಿ ಬೇಡದ ಮಾಹಿತಿ ಕೊಡ್ತೈತೆ, ಅದಕ್ಕೆ ಹಗೇವು ಅಂತಿಡ್ರಿ. ಬಗ್ಗಿ ತೋಡಿದಷ್ಟೂ ಬರ್ತೈತೆ, ಒಂದೊಂದು ಸಲ ಮುಗ್ಗಲು ಕಾಳು.

ಹದಡಿರೋಡ್ | ನವೆಂಬರ್ 10

ಎಲೆಕ್ಟ್ರೋಕೆಮಿಸ್ಟ್ರಿಗೆ, ಅದೇ ಆ ಚಟದ ದನಿಗೆ, ಮಾವ.

ಲೆಕ್ಕದಮೇಷ್ಟ್ರು | ನವೆಂಬರ್ 11

ಡ್ರಾಮಾ ಎಂಬುದಕ್ಕೆ ನಾಟಕ ಸಾಲದು, ಅದು "ಪ್ರಭುಗಳೇ" ಎಂದು ಕರೆದು ಮಾತು ಶುರುಮಾಡುತ್ತದೆ. ಬಯಲಾಟ ಎನ್ನಿ. ಥಾಟ್ ಕ್ಯಾಬಿನೆಟ್ ಎಂಬ ವ್ಯವಸ್ಥೆಗೆ ಅಡೆ ಎನ್ನಬಹುದು. ವಿಚಾರವನ್ನು ಅದರೊಳಗೆ ಇಟ್ಟು ಗಂಟೆಗಟ್ಟಲೆ ಬಿಡಬೇಕು, ಹಣ್ಣಾಗಿದೆಯೋ ಕೊಳೆತಿದೆಯೋ ತೆಗೆದಾಗಲೇ ಗೊತ್ತು. ಮಾವಿನಕಾಯಿ ಅಡೆ ಹಾಕಿದ ಹಾಗೆಯೇ.

ಮಿರ್ಚಿಮಂಡಕ್ಕಿ | ನವೆಂಬರ್ 11

ಮೇಷ್ಟ್ರೇ, ಅಡೆಗೆ ನೂರಕ್ಕೆ ನೂರು. ಶಿವರ್ಸ್‌ಗೆ ಏನಂತೀರಿ? ಗಾಳಿ ಬೀಸಿದಾಗ ಇಡೀ ಊರು ಮೈಯೊಳಗೆ ಬಂದು ಮಾತಾಡೋದು ಅದು. ಜುಂ ಅಂದ್ರೆ ಸಣ್ಣದಾಯ್ತು.

ಕೋಟೆಹುಡುಗ | ನವೆಂಬರ್ 11

ಅದಕ್ಕೆ ಹೆಸರು ಹುಡುಕೋಕೆ ನಿನ್ನೆ ಸಂಜೆ ಜೋಗಿಮಟ್ಟಿ ಕಡೆ ಗಾಡಿ ತಗಂಡು ಹೋಗಿದ್ದೆ. ಗಾಳಿ ಹೊಡೆದು ಕಿವಿ ಕಿವುಡಾಯ್ತು, ಕೆಳಗೆ ಇಡೀ ದುರ್ಗ ದೀಪ ಹಚ್ಕಂಡು ಕೂತಿತ್ತು. ಆ ಹೊತ್ತಿನಲ್ಲಿ ಊರು ಏನೋ ಹೇಳ್ತು ಅಂತ ಅನ್ನಿಸಿದ್ದಂತೂ ನಿಜ. ಹೆಸರು ಮಾತ್ರ ಹೊಳೀಲಿಲ್ಲ, ನೆಗಡಿ ಆಯ್ತು.

ಕುಂದವಾಡಕೆರೆ | ನವೆಂಬರ್ 12

ನಡುಕಗಾಳಿ?

ಕೋಟೆಹುಡುಗ | ನವೆಂಬರ್ 12

ಅಕ್ಕಾ, ಮುಗೀತು. ಅದೇ.

ಮಿರ್ಚಿಮಂಡಕ್ಕಿ | ನವೆಂಬರ್ 21

ಗೇಮ್‌ಸ್ಪಾಟ್ ವೆಬ್‌ಸೈಟಿನವರು ಹತ್ತಕ್ಕೆ ಹತ್ತು ಕೊಟ್ಟಿದಾರೆ. ಸುಮ್ನೆ ಹೇಳಿದೆ, ಹದಡಿ ಓದ್ಲಿ ಅಂತ.

ಮಿರ್ಚಿಮಂಡಕ್ಕಿ | ಡಿಸೆಂಬರ್ 13

ಬೆಳಗ್ಗೆ ಬೆಳಗ್ಗೆ ಗೇಮ್ ಅವಾರ್ಡ್ಸ್ ನೋಡಿದೆ. ನಾಲ್ಕಕ್ಕೆ ಹೆಸರಿತ್ತು, ನಾಲ್ಕೂ ಬಂತು, ಕಥನದ್ದು, ರೋಲ್‌ಪ್ಲೇಯಿಂಗಿನದ್ದು ಸೇರಿ. ವೇದಿಕೆ ಮೇಲೆ ನಿಂತ್ಕಂಡು ಮಾರ್ಕ್ಸ್, ಎಂಗೆಲ್ಸ್‌ಗೆ ಥ್ಯಾಂಕ್ಸ್ ಹೇಳಿದ್ರು! ಅಪ್ಪ ಟೀ ಕುಡೀತಾ ಪಕ್ಕದಲ್ಲೇ ಕೂತಿದ್ರು, "ಇದೇನೋ ವಿಡಿಯೋ ಗೇಮಿನವರಾ ಇವರು?" ಅಂದ್ರು. ಹೌದಪ್ಪ ಅಂದೆ. ಸ್ವಲ್ಪ ಹೊತ್ತು ಬಿಟ್ಟು "ಅಜ್ಜ ಇರಬೇಕಿತ್ತು" ಅಂದು ಲೋಟ ಒಳಗಿಡೋಕೆ ಹೋದ್ರು.

ಹದಡಿರೋಡ್ | ಡಿಸೆಂಬರ್ 28

ತಗಂಡೆ. ಯಾರೂ ಏನೂ ಅನ್ನಬ್ಯಾಡ್ರಿ.

ಹದಡಿರೋಡ್ | ಡಿಸೆಂಬರ್ 28

ಶರೀರಕ್ಕೆ ಒಂದೇ ಹಾಕಿದೀನಿ. ಲೈಟ್ ಮುಟ್ಟಲ್ಲ, ಕೋಟೆಹುಡುಗ ಹೇಳಿದ್ದು ನೆನಪೈತೆ.

ಹದಡಿರೋಡ್ | ಡಿಸೆಂಬರ್ 28

ಫ್ಯಾನಿನ ಟೈ ಎಳೆಯೋಕೆ ಹೋಗಿ ಸತ್ತೆ.